ಸಿಂಹಾಸನ ಹೋದರೂ ಮುಗಿಯದ ದಾವೆ: ಜರ್ಮನಿಯ ರಾಜಮನೆತನಗಳ ಬಗ್ಗೆ ಒಂದು ಚರ್ಚೆ

ತುಂಗಾತೀರ

ತಿಳಿದವರು ಬಿಡಿಸಿ ಹೇಳಬೇಕು. 2025ರ ಮೇ ತಿಂಗಳಲ್ಲಿ ಜರ್ಮನಿಯ ಕೇಂದ್ರ ಸರ್ಕಾರ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್ ರಾಜ್ಯಗಳು ಒಂದು ಕಡೆ, 1918ರವರೆಗೆ ಪ್ರಷ್ಯ ಮತ್ತು ಜರ್ಮನಿಯನ್ನು ಆಳಿದ ಹೋಹೆನ್‌ಜೊಲರ್ನ್ ಮನೆತನ ಇನ್ನೊಂದು ಕಡೆ ಕುಳಿತು ರಾಜಿಗೆ ಬಂದವು. ಸುಮಾರು 27,000 ಕಲಾವಸ್ತುಗಳ ಒಡೆತನದ ತಕರಾರು ಇದರಿಂದ ಬಗೆಹರಿಯಿತು. ಅವನ್ನು ಇನ್ನು ಮುಂದೆ ಸಾರ್ವಜನಿಕ ಪ್ರತಿಷ್ಠಾನವೊಂದು ನೋಡಿಕೊಳ್ಳಲಿದೆ ಎಂದು ಓದಿದೆ.

ನನಗೆ ಅರ್ಥವಾಗದ ಸಂಗತಿ ಎರಡು. ಆ ಮನೆಯ ಕೈಸರ್ (ಚಕ್ರವರ್ತಿ) ಎರಡನೆಯ ವಿಲ್ಹೆಲ್ಮ್ ಸಿಂಹಾಸನ ಬಿಟ್ಟು ಹಾಲೆಂಡಿಗೆ ಹೋದದ್ದು 1918ರ ನವೆಂಬರಿನಲ್ಲಿ. ಆಗ ನಡೆದದ್ದು ಕ್ರಾಂತಿ ಎಂದೇ ಶಾಲೆಯಲ್ಲಿ ಓದಿದ್ದೇವೆ. ಕ್ರಾಂತಿಯಾಗಿ ನೂರು ವರ್ಷ ಕಳೆದ ಮೇಲೆ ಆ ದೊರೆಯ ಮರಿಮಗನ ಮಗನ ಜೊತೆ ಸರ್ಕಾರ ಯಾವ ಆಸ್ತಿಯ ಬಗ್ಗೆ ಮಾತಾಡುತ್ತದೆ? ಎರಡನೆಯದು, ಈ ಮನೆಯ ಈಗಿನ ಯಜಮಾನರ ಹೆಸರು ಗೇಯೋರ್ಗ್ ಫ್ರೀಡ್‌ರಿಷ್ ಪ್ರಿನ್ಸ್ ಫಾನ್ ಪ್ರಾಯ್ಸನ್, ಅಂದರೆ ಪ್ರಷ್ಯದ ರಾಜಕುಮಾರ. ಗಣರಾಜ್ಯದಲ್ಲಿ ಈ 'ಪ್ರಿನ್ಸ್' ಎಲ್ಲಿಂದ ಬಂತು?

ಹಳೆಯ_ಕಡತ

ಎರಡನೆಯ ಪ್ರಶ್ನೆ ಚಿಕ್ಕದು, ಅದನ್ನೇ ಮೊದಲು ಮುಗಿಸುತ್ತೇನೆ. 1919ರ ವೈಮಾರ್ ಸಂವಿಧಾನದ 109ನೆಯ ವಿಧಿ ಹುಟ್ಟಿನಿಂದ ಬರುವ ವಿಶೇಷ ಹಕ್ಕುಗಳನ್ನೆಲ್ಲ ತೆಗೆದುಹಾಕಿತು, ಆದರೆ ಬಿರುದುಗಳನ್ನು ಅಳಿಸಲಿಲ್ಲ. ಇನ್ನು ಮುಂದೆ ಅವು ಹೆಸರಿನ ಭಾಗ ಮಾತ್ರ, ಹೊಸದಾಗಿ ಯಾರಿಗೂ ಕೊಡುವಂತಿಲ್ಲ ಎಂದಿತು. ಆದ್ದರಿಂದ ಇಂದಿನ ಜರ್ಮನಿಯಲ್ಲಿ 'ಪ್ರಿನ್ಸ್ ಫಾನ್ ಪ್ರಾಯ್ಸನ್' ಎಂಬುದು ಪದವಿಯಲ್ಲ, ಮನೆಹೆಸರು. ಪಾಸ್‌ಪೋರ್ಟಿನಲ್ಲೂ ಮನೆಹೆಸರಿನ ಜಾಗದಲ್ಲಿಯೇ ಬರುತ್ತದೆ. ಹೆಣ್ಣುಮಕ್ಕಳು ಅದನ್ನು 'ಪ್ರಿನ್ಸೆಸಿನ್' ಎಂದು ಬರೆಯಬಹುದು ಎಂದು 1926ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಪಕ್ಕದ ಆಸ್ಟ್ರಿಯ ಇಷ್ಟು ಮೆತ್ತಗಿರಲಿಲ್ಲ. 1919ರ ಏಪ್ರಿಲ್‌ನಲ್ಲಿಯೇ ಕುಲೀನರ ಹೆಸರಿನ 'ಫಾನ್' ಎಂಬುದನ್ನೂ ಕಿತ್ತುಹಾಕಿ, ಹಾಬ್ಸ್‌ಬುರ್ಗ್ ಮನೆತನದ ಆಸ್ತಿಯನ್ನೂ ವಶಪಡಿಸಿಕೊಂಡಿತು.

ಇನ್ನು ಆಸ್ತಿಯ ವಿಷಯ. 1918ರಲ್ಲಿ ಬಿದ್ದದ್ದು ಒಂದು ಸಿಂಹಾಸನವಲ್ಲ. 1871ರ ಜರ್ಮನ್ ಸಾಮ್ರಾಜ್ಯದ 25 ಘಟಕಗಳಲ್ಲಿ ಹ್ಯಾಂಬರ್ಗ್, ಬ್ರೆಮನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ನಗರಗಳನ್ನು ಬಿಟ್ಟರೆ ಉಳಿದ 22ಕ್ಕೂ ಒಬ್ಬೊಬ್ಬ ದೊರೆ ಇದ್ದ. ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವ್ಯುರ್ಟೆಂಬರ್ಗ್ ಎಂಬ ನಾಲ್ಕು ರಾಜ್ಯಗಳು, ಅವುಗಳ ಕೆಳಗೆ ಮಹಾಡ್ಯೂಕರು, ಡ್ಯೂಕರು, ಕೊನೆಯಲ್ಲಿ ಒಂದು ತಾಲ್ಲೂಕಿನಷ್ಟು ನೆಲ ಆಳುವ ಸಣ್ಣ ದೊರೆಗಳು. ನವೆಂಬರ್ 7ರ ರಾತ್ರಿ ಬವೇರಿಯದ ಮೂರನೆಯ ಲುಡ್‌ವಿಗ್‌ನಿಂದ ಶುರುವಾಗಿ ತಿಂಗಳು ಮುಗಿಯುವಷ್ಟರಲ್ಲಿ ಎಲ್ಲರೂ ಇಳಿದಿದ್ದರು. ರಷ್ಯದ ಹಾಗೆ ಯಾರನ್ನೂ ಗುಂಡಿಕ್ಕಿ ಕೊಲ್ಲಲಿಲ್ಲ, ಆಸ್ತಿಯನ್ನೂ ಒಂದೇ ಏಟಿಗೆ ಕಸಿದುಕೊಳ್ಳಲಿಲ್ಲ. ಅಧಿಕಾರಕ್ಕೆ ಬಂದ ಸೋಶಿಯಲ್ ಡೆಮಾಕ್ರಟರಿಗೆ ಸುವ್ಯವಸ್ಥೆ ಬೇಕಿತ್ತು. ವೈಮಾರ್ ಸಂವಿಧಾನವೂ ಖಾಸಗಿ ಆಸ್ತಿಗೆ ರಕ್ಷಣೆ ಕೊಟ್ಟಿತು.

ತೊಡಕು ಬಂದದ್ದು ಇಲ್ಲಿ. ರಾಜನ ಸ್ವಂತದ್ದು ಯಾವುದು, ರಾಜ್ಯದ್ದು ಯಾವುದು ಎಂದು ಬೇರ್ಪಡಿಸುವವರು ಯಾರು? ನಾಲ್ಕು ನೂರು ವರ್ಷ ಒಂದೇ ಕೈ ಎರಡೂ ಥೈಲಿಗಳನ್ನು ಹಿಡಿದಿತ್ತು. ಕಾಡು ಬೇಟೆಗೆಂದು ಮೀಸಲಾದದ್ದೋ ಬೊಕ್ಕಸದ್ದೋ, ಅರಮನೆಯ ಚಿತ್ರಪಟ ತೆರಿಗೆ ಹಣದಲ್ಲಿ ಕೊಂಡದ್ದೋ ಹೆಂಡತಿಯ ಬಳುವಳಿಯೋ? ಒಂದೊಂದು ರಾಜ್ಯವೂ ತನ್ನ ಹಳೆಯ ದೊರೆಯ ಜೊತೆ ಬೇರೆ ಬೇರೆ ಒಪ್ಪಂದಕ್ಕೆ ಕುಳಿತುಕೊಳ್ಳಬೇಕಾಯಿತು. 1918ರ ನಂತರದ ಈ ಮನೆತನಗಳ ಚರಿತ್ರೆಯನ್ನು ಓದಬೇಕಾದದ್ದು ನ್ಯಾಯಾಲಯದ ಕಡತಗಳಲ್ಲಿ.

ಅಡ್ಡಪ್ರಶ್ನೆ

ಜನರನ್ನು ಯಾರೂ ಕೇಳಲಿಲ್ಲವೇ? ಯುದ್ಧಕ್ಕೆ ಮಕ್ಕಳನ್ನು ಕೊಟ್ಟವರು, ಹಣದುಬ್ಬರದಲ್ಲಿ ಉಳಿತಾಯವನ್ನೆಲ್ಲ ಕಳೆದುಕೊಂಡವರು ಆ ಜನ. ಅವರ ಪಾಲಿಗೆ ಏನೂ ಇಲ್ಲ, ಓಡಿಹೋದ ದೊರೆಗೆ ಪೀಠೋಪಕರಣಗಳನ್ನು ರೈಲಿನಲ್ಲಿ ತುಂಬಿ ಕಳಿಸಿದರು. ಡೋರ್ನ್‌ನ ಬಂಗಲೆಯಲ್ಲಿ ಆತ 1941ರಲ್ಲಿ ಸಾಯುವವರೆಗೂ ಮರ ಕಡಿಯುತ್ತ ಸುಖವಾಗಿಯೇ ಇದ್ದ.

ಹಳೆಯ_ಕಡತ

ಕೇಳಿದರು. 1926ರ ಜೂನ್ 20ರಂದು ಜನಮತಗಣನೆ ನಡೆಯಿತು. ಹಳೆಯ ದೊರೆಗಳ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೇ ಎಂಬುದು ಪ್ರಶ್ನೆ. ಕಮ್ಯುನಿಸ್ಟರು ಎತ್ತಿದ ಬೇಡಿಕೆಗೆ ಸೋಶಿಯಲ್ ಡೆಮಾಕ್ರಟರೂ ಕೈಜೋಡಿಸಿದರು. 'ಹೌದು' ಎಂದವರು ಸುಮಾರು 1 ಕೋಟಿ 45 ಲಕ್ಷ ಜನ. ಆದರೆ ಇದು ಸಂವಿಧಾನವನ್ನೇ ಬದಲಿಸುವ ಮಸೂದೆ, ಆದ್ದರಿಂದ ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಬೇಕು ಎಂದು ಸರ್ಕಾರ ಮೊದಲೇ ಹೇಳಿತ್ತು. ಅಂದರೆ ಸುಮಾರು ಎರಡು ಕೋಟಿ ಮತ. ವಿರೋಧಿಗಳು ಮಾಡಿದ ಉಪಾಯ ಸರಳ: ಮತಗಟ್ಟೆಗೇ ಹೋಗಬೇಡಿ ಎಂದರು. ಹಳ್ಳಿಗಳಲ್ಲಿ ಜಮೀನುದಾರನ ಕಣ್ಣೆದುರು ಮತಗಟ್ಟೆಗೆ ಹೋಗುವುದೇ 'ಹೌದು' ಎಂದು ಸಾರಿದಂತಾಯಿತು. ನೂರಕ್ಕೆ 39ರಷ್ಟು ಜನ ಮಾತ್ರ ಮತ ಹಾಕಿದರು, ಮಸೂದೆ ಬಿತ್ತು. ಅದೇ ವರ್ಷ ಪ್ರಷ್ಯ ಸರ್ಕಾರ ಹೋಹೆನ್‌ಜೊಲರ್ನರ ಜೊತೆ ಒಪ್ಪಂದ ಮಾಡಿಕೊಂಡಿತು.

ಆಮೇಲೆ 1945. ಯುದ್ಧದಲ್ಲಿ ಸೋತ ಜರ್ಮನಿಯ ಪೂರ್ವಭಾಗದ ಸೋವಿಯತ್ ವಲಯದಲ್ಲಿ ಭೂಸುಧಾರಣೆ ಎಂದು 100 ಹೆಕ್ಟೇರಿಗಿಂತ ದೊಡ್ಡ ಜಮೀನುಗಳನ್ನೆಲ್ಲ ಪರಿಹಾರವಿಲ್ಲದೆ ತೆಗೆದುಕೊಂಡರು. ಪ್ರಷ್ಯದ ಮನೆತನದ ಬಹುಪಾಲು ಆಸ್ತಿ ಆ ಕಡೆಗೇ ಇತ್ತು. 1990ರಲ್ಲಿ ಎರಡು ಜರ್ಮನಿ ಒಂದಾದಾಗ ಆ ಜಮೀನನ್ನು ಹಿಂದಿರುಗಿಸುವುದಿಲ್ಲ ಎಂದು ನಿರ್ಧಾರವಾಯಿತು. ಆದರೆ 1994ರ ಕಾನೂನು ಒಂದು ಕಿಟಕಿ ತೆರೆದಿಟ್ಟಿತು: ನೆಲಕ್ಕೆ ಭಾಗಶಃ ಪರಿಹಾರ, ಚಿತ್ರಪಟ, ಪೀಠೋಪಕರಣದಂತಹ ಚರ ಆಸ್ತಿಗೆ ವಾಪಸಾತಿ. ಜೊತೆಗೆ ಒಂದು ಷರತ್ತು: ಆಸ್ತಿಯ ಮಾಲೀಕ ನಾಜಿ ಆಡಳಿತಕ್ಕೆ ಗಣನೀಯ ನೆರವು ಕೊಟ್ಟಿದ್ದರೆ ವಾರಸುದಾರನಿಗೆ ಬಿಡಿಗಾಸೂ ಇಲ್ಲ. ತುಂಗಾತೀರ ಅವರು ಕೇಳಿದ ದಾವೆಯ ಮೂಲ ಇದು.

ತುಂಗಾತೀರ

ಹಾಗಾದರೆ ಎಲ್ಲವೂ ನಿಂತಿರುವುದು 1945ರಲ್ಲಿ ಮಾಲೀಕನಾಗಿದ್ದವನ ನಡತೆಯ ಮೇಲೆ. ಆಗ ಯಾರಿದ್ದರು, ಏನು ಮಾಡಿದ್ದರು?

ಸ್ಟುಟ್‌ಗಾರ್ಟ್_ಕನ್ನಡಿಗ

ಕೈಸರನ ಹಿರಿಯ ಮಗ, ಯುವರಾಜ ವಿಲ್ಹೆಲ್ಮ್. ಇಲ್ಲಿನ ಪತ್ರಿಕೆಗಳಲ್ಲಿ ಈ ಜಗಳವನ್ನು ವರ್ಷಗಟ್ಟಲೆ ಓದಿದ್ದೇನೆ. 1923ರಲ್ಲಿ ರಾಜಕೀಯಕ್ಕೆ ಕೈ ಹಾಕುವುದಿಲ್ಲ ಎಂಬ ಭರವಸೆಯ ಮೇಲೆ ಜರ್ಮನಿಗೆ ಮರಳಿದ. 1932ರ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತಿನಲ್ಲಿ ಹಿಟ್ಲರ್‌ಗೆ ಮತ ಹಾಕುತ್ತೇನೆ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟ. 1933ರ ಮಾರ್ಚ್ 21ರಂದು ಪಾಟ್ಸ್‌ಡ್ಯಾಮಿನ ಚರ್ಚಿನಲ್ಲಿ ನಡೆದ, ಹೊಸ ಸಂಸತ್ತಿನ ಉದ್ಘಾಟನೆಯ ಸಮಾರಂಭಕ್ಕೂ ಹೋಗಿದ್ದ. ಅವನ ತಮ್ಮ ಆಗಸ್ಟ್ ವಿಲ್ಹೆಲ್ಮ್ ಅಂತೂ ನಾಜಿಗಳ ಕಂದು ಸಮವಸ್ತ್ರ ತೊಟ್ಟು ಪಕ್ಷದ ಪ್ರಚಾರಕ್ಕೆ ಊರೂರು ಸುತ್ತಿದವನು.

ಕಾನೂನಿನ ಪ್ರಶ್ನೆ ಮಾತ್ರ ಸೂಕ್ಷ್ಮ: ನೆರವು ಕೊಡಲು ಮನಸ್ಸಿದ್ದರೆ ಸಾಕೇ, ಆ ನೆರವಿನಿಂದ ಫಲವೂ ಆಗಿರಬೇಕೇ? ನಾಲ್ವರು ಇತಿಹಾಸಕಾರರು ವರದಿ ಬರೆದರು. ಕ್ರಿಸ್ಟೊಫರ್ ಕ್ಲಾರ್ಕ್ ಮೊದಲು, ಯುವರಾಜ ಲೆಕ್ಕಕ್ಕಿಲ್ಲದ ಮನುಷ್ಯ, ಅವನ ನೆರವಿನಿಂದ ಹೆಚ್ಚೇನೂ ಆಗಲಿಲ್ಲ ಎಂಬರ್ಥದಲ್ಲಿ ಬರೆದರು. ಸ್ಟೆಫಾನ್ ಮಾಲಿನೋವ್ಸ್ಕಿ ಮತ್ತು ಪೇಟರ್ ಬ್ರಾಂಟ್, ಖಂಡಿತ ನೆರವಾದ ಎಂದರು. ವೋಲ್ಫ್‌ರಾಮ್ ಪ್ಯೂಟ ಮನೆತನದ ಪರವಾಗಿ ವಾದಿಸಿದರು. 2019ರಲ್ಲಿ ಟಿ.ವಿ. ಹಾಸ್ಯಗಾರ ಯಾನ್ ಬ್ಯೋಮರ್‌ಮನ್ ಈ ವರದಿಗಳನ್ನು ಅಂತರ್ಜಾಲಕ್ಕೆ ಹಾಕಿದ ಮೇಲೆ ಎಲ್ಲರೂ ಓದಿದರು. ಪಾಟ್ಸ್‌ಡ್ಯಾಮಿನ ಸೆಸಿಲಿಯೆನ್‌ಹೋಫ್ ಅರಮನೆಯಲ್ಲಿ ವಾಸದ ಹಕ್ಕು ಬೇಕು ಎಂದೂ ಕುಟುಂಬ ಕೇಳಿತ್ತು ಎಂಬ ಸುದ್ದಿ ಬಂದಾಗ ಜನ ಇನ್ನಷ್ಟು ಕೆರಳಿದರು. 1945ರ ಬೇಸಿಗೆಯಲ್ಲಿ ಸ್ಟಾಲಿನ್, ಟ್ರೂಮನ್, ಚರ್ಚಿಲ್ ಕುಳಿತು ಮಾತಾಡಿದ ಮನೆ ಅದು. ಕೊನೆಗೆ 2023ರ ಮಾರ್ಚ್‌ನಲ್ಲಿ ಯಜಮಾನರೇ ಪರಿಹಾರದ ದಾವೆಯನ್ನು ಹಿಂತೆಗೆದುಕೊಂಡರು. ಬ್ರಾಂಡೆನ್‌ಬುರ್ಗ್ ಸರ್ಕಾರ ನಿರಾಕರಿಸಿದ್ದ ಆ ಮೊತ್ತ ಸುಮಾರು 12 ಲಕ್ಷ ಯೂರೊ. ಅಷ್ಟು ಹಣಕ್ಕಾಗಿ ಕೆದಕಿದ್ದರಿಂದ ಮುತ್ತಜ್ಜನ ಹೇಳಿಕೆಗಳೆಲ್ಲ ಜಗತ್ತಿಗೆ ಗೊತ್ತಾದವು. ವ್ಯವಹಾರ ಬುದ್ಧಿ ಇದ್ದವರು ಯಾರೂ ಇದಕ್ಕೆ ಕೈ ಹಾಕುತ್ತಿರಲಿಲ್ಲ.

ಕೊಡಿಯಾಲದವಳು

ಒಂದು ಮಾತು ಸೇರಿಸಲೇಬೇಕು. ಹೋಹೆನ್‌ಜೊಲರ್ನರನ್ನು ನೋಡಿ ಉಳಿದವರನ್ನೆಲ್ಲ ಅದೇ ತಕ್ಕಡಿಯಲ್ಲಿ ತೂಗಬೇಡಿ.

ಬವೇರಿಯದ ವಿಟ್ಟೆಲ್ಸ್‌ಬಾಖ್ ಮನೆತನ 1180ರಿಂದ 1918ರವರೆಗೆ ಒಂದೇ ನಾಡನ್ನು ಆಳಿತು. ಅವರ ಆಸ್ತಿ ತಕರಾರು 1923ರಲ್ಲಿಯೇ ಮುಗಿಯಿತು: ಒಂದು ನಿಧಿ ಸ್ಥಾಪಿಸಿದರು, ಕಲಾವಸ್ತುಗಳು ಮ್ಯೂನಿಕ್ಕಿನ ಸಂಗ್ರಹಾಲಯಗಳಲ್ಲಿ ಉಳಿದವು, ಕುಟುಂಬಕ್ಕೆ ನಿಧಿಯ ಆದಾಯದಿಂದ ವರ್ಷಾಶನ ಹೋಗುತ್ತದೆ. ಯುವರಾಜ ರೂಪ್ರೆಖ್ಟ್ ನಾಜಿಗಳನ್ನು ಹತ್ತಿರ ಸೇರಿಸಲಿಲ್ಲ. 1944ರಲ್ಲಿ ಅವರ ಕುಟುಂಬವನ್ನು ಹಿಡಿದು ಜಾಕ್ಸನ್‌ಹೌಸನ್, ಫ್ಲೋಸನ್‌ಬ್ಯುರ್ಗ್, ದಾಖಾವ್ ಸೆರೆಶಿಬಿರಗಳಲ್ಲಿ ಇಟ್ಟರು. ಈಗಿನ ಯಜಮಾನ ಫ್ರಾನ್ಸ್ ಆಗ ಹನ್ನೊಂದು ವರ್ಷದ ಹುಡುಗ.

ಹೆಸ್ಸೆಯ ಫಿಲಿಪ್‌ನದು ಇನ್ನೊಂದು ಬಗೆ. ನಾಜಿ ಪಕ್ಷ ಸೇರಿದ, 1933ರಲ್ಲಿ ಹೆಸ್ಸೆ-ನಾಸಾವ್ ಪ್ರಾಂತದ ಮೇಲಧಿಕಾರಿಯಾದ, ಇಟಲಿಯ ರಾಜನ ಅಳಿಯನಾದ್ದರಿಂದ ಹಿಟ್ಲರ್ ಮತ್ತು ಮುಸೊಲಿನಿ ನಡುವೆ ಓಡಾಡುವ ದೂತನೂ ಆದ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಕೈಕೊಟ್ಟ ಕೂಡಲೇ ಅವನನ್ನೇ ಶಿಬಿರಕ್ಕೆ ತಳ್ಳಿದರು. ಹೆಂಡತಿ ಮಫಾಲ್ದ ಮರುವರ್ಷ ಬೂಖನ್‌ವಾಲ್ಡ್ ಶಿಬಿರದಲ್ಲಿ ತೀರಿಕೊಂಡರು.

ನಾಣ್ಯದ_ಡಬ್ಬಿ

ದೊಡ್ಡ ಮನೆತನಗಳ ಮಾತಾಯಿತು, ನಾನು ಸಣ್ಣವರ ಕಡೆಗೆ ಬರುತ್ತೇನೆ. ಸಾಮ್ರಾಜ್ಯದ ಕಾಲದ ಬೆಳ್ಳಿ ನಾಣ್ಯಗಳ ಹುಚ್ಚು ನನಗೆ. ಒಂದು ಮಾರ್ಕ್‌ವರೆಗಿನ ಚಿಲ್ಲರೆ ಎಲ್ಲ ಕಡೆಯೂ ಒಂದೇ. ಎರಡು ಮಾರ್ಕ್‌ನಿಂದ ಮೇಲಿನವುಗಳಲ್ಲಿ ಮಾತ್ರ ಒಂದು ಮುಖ ಸಾಮ್ರಾಜ್ಯದ ಹದ್ದು, ಇನ್ನೊಂದು ಮುಖ ಆಯಾ ರಾಜ್ಯದ ದೊರೆ.

ಅದರಲ್ಲಿ ನನಗೆ ಅಚ್ಚುಮೆಚ್ಚು ರಾಯ್ಸ್ ಎಂಬ ಸಣ್ಣ ರಾಜಮನೆತನದ ಹಿರಿಯ ಶಾಖೆಯ ಎರಡು ಮಾರ್ಕ್. 28 ಮಿಲಿಮೀಟರ್ ಅಗಲ, 11 ಗ್ರಾಂ ಚಿಲ್ಲರೆ ತೂಕ. ಗಡ್ಡಧಾರಿಯ ಪಕ್ಕನೋಟ, ಸುತ್ತ '22ನೆಯ ಹೈನ್‌ರಿಷ್' ಎಂಬ ಬರಹ. ರಾಜ್ಯದ ವಿಸ್ತೀರ್ಣ ಸುಮಾರು 317 ಚದರ ಕಿಲೋಮೀಟರ್, ರಾಜಧಾನಿ ಗ್ರೈಟ್ಸ್ ಎಂಬ ಊರು. ಇಷ್ಟು ಚಿಕ್ಕ ನಾಡಿಗೆ 22 ಹೈನ್‌ರಿಷ್‌ಗಳು ಆಳಿದರೇ ಎಂದು ಲೆಕ್ಕ ಹಾಕಬೇಡಿ. ಈ ಮನೆಯಲ್ಲಿ ಹುಟ್ಟುವ ಪ್ರತಿಯೊಂದು ಗಂಡುಮಗುವಿಗೂ ಹೈನ್‌ರಿಷ್ ಎಂದೇ ಹೆಸರು, ಪಟ್ಟಕ್ಕೆ ಬರಲಿ ಬಿಡಲಿ ಎಲ್ಲರಿಗೂ ಅಂಕಿ. ಚಕ್ರವರ್ತಿ ಆರನೆಯ ಹೈನ್‌ರಿಷ್‌ನ ಗೌರವಕ್ಕೆ ಬಂದ ಪದ್ಧತಿ ಎನ್ನುತ್ತಾರೆ. ಹಿರಿಯ ಶಾಖೆಯವರು ನೂರರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡಬೇಕಿತ್ತು; ಕಿರಿಯ ಶಾಖೆಯವರು ಶತಮಾನ ಬದಲಾದಾಗ ಒಂದಕ್ಕೆ ಮರಳುತ್ತಾರೆ. ಕಿರಿಯ ಶಾಖೆಯಲ್ಲಿ 72ನೆಯ ಹೈನ್‌ರಿಷ್ ಎಂಬಾತನೂ ಇದ್ದ, 1848ರ ಗಲಭೆಯಲ್ಲಿ ಪಟ್ಟ ಬಿಟ್ಟ.

ನಾಣ್ಯದ 22ನೆಯವನಿಗೆ ಪ್ರಷ್ಯ ಎಂದರೆ ಆಗುತ್ತಿರಲಿಲ್ಲ. 1866ರ ಯುದ್ಧದಲ್ಲಿ ಅವನ ತಾಯಿ ಆಸ್ಟ್ರಿಯದ ಪಕ್ಷ ಹಿಡಿದಿದ್ದರು, ಪ್ರಷ್ಯದ ಸೈನಿಕರು ಗ್ರೈಟ್ಸ್‌ಗೆ ನುಗ್ಗಿದ್ದರು. ಆ ಹಗೆಯನ್ನು ಮಗ ಸಾಯುವವರೆಗೂ ಬಿಡಲಿಲ್ಲ. ಅಂಥವನ ಬೆನ್ನಿಗೇ ಬರ್ಲಿನ್ನಿನ ಹದ್ದು ಅಚ್ಚಾಗಿದೆ. ಇನ್ನೂ ತಮಾಷೆ ಮುಂದಿದೆ. ಡೋರ್ನ್‌ನಲ್ಲಿ ಹೆಂಡತಿ ತೀರಿಕೊಂಡ ಮೇಲೆ ಕೈಸರ್ 1922ರಲ್ಲಿ ಮರುಮದುವೆಯಾದದ್ದು ಹೆರ್ಮೀನ ಎಂಬ ವಿಧವೆಯನ್ನು. ಆಕೆ ಈ ಹೈನ್‌ರಿಷ್‌ನ ಮಗಳು! ಅಪ್ಪ 1902ರಲ್ಲಿಯೇ ಹೋಗಿದ್ದ, ಬಚಾವಾದ.

ಅಡ್ಡಪ್ರಶ್ನೆ

2022ರ ಡಿಸೆಂಬರ್‌ನಲ್ಲಿ ಸರ್ಕಾರ ಉರುಳಿಸುವ ಸಂಚು ಎಂದು ಪೊಲೀಸರು ಹಿಡಿದ ವ್ಯಕ್ತಿಯೂ ರಾಯ್ಸ್ ಅಲ್ಲವೇ? ತಮಾಷೆ ಅಲ್ಲಿಗೆ ಮುಗಿಯಲಿಲ್ಲ ಎಂದಾಯಿತು.

ನಾಣ್ಯದ_ಡಬ್ಬಿ

ಹೌದು, 13ನೆಯ ಹೈನ್‌ರಿಷ್. ಆತ ಸಂಚಿನ ಮುಂದಾಳು ಎಂಬುದು ಆರೋಪ. ಫ್ರಾಂಕ್‌ಫರ್ಟ್‌ನಲ್ಲಿ 2024ರ ಮೇ ತಿಂಗಳಲ್ಲಿ ವಿಚಾರಣೆ ಆರಂಭವಾಯಿತು. 1945ರಲ್ಲಿ ಹೋದ ಆಸ್ತಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆದ ಮನುಷ್ಯ ಆತ. ಬಂಧನಕ್ಕೆ ಮೊದಲೇ ಮನೆತನದ ಯಜಮಾನರು ಆತನಿಗೂ ನಮಗೂ ಸಂಬಂಧವಿಲ್ಲ ಎಂದು ದೂರ ಸರಿದಿದ್ದರು. ಒಬ್ಬನಿಂದ ಎಲ್ಲರನ್ನೂ ಅಳೆಯಬೇಡಿ ಎಂದು ಮೇಡಂ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ತುಂಗಾತೀರ

ಒಂದೇ ಮನೆತನದಲ್ಲಿ ಹಿರಿಯ ಶಾಖೆ, ಕಿರಿಯ ಶಾಖೆ, ಎರಡಕ್ಕೂ ಬೇರೆ ಬೇರೆ ರಾಜ್ಯ. ಇದು ಹೇಗೆ? ಇಂಗ್ಲೆಂಡಿನಲ್ಲಿ, ಫ್ರಾನ್ಸಿನಲ್ಲಿ ಹೀಗಿರಲಿಲ್ಲವಲ್ಲ.

ಹಳೆಯ_ಕಡತ

ನಮ್ಮ ಅವಿಭಕ್ತ ಕುಟುಂಬದ ಹಿಸ್ಸೆ ನೆನಪಿಸಿಕೊಳ್ಳಿ, ಸಾಕು. ರಾಜ್ಯವನ್ನು ಜಮೀನಿನ ಹಾಗೆ ಮಕ್ಕಳೆಲ್ಲ ಪಾಲು ಮಾಡಿಕೊಂಡರು. 1356ರ ಚಿನ್ನದ ಮುದ್ರೆಯ ಶಾಸನ, ಚಕ್ರವರ್ತಿಯನ್ನು ಆರಿಸುವ ಮತವಿರುವ ದೊಡ್ಡ ಸಂಸ್ಥಾನಗಳನ್ನು ಒಡೆಯಬಾರದು ಎಂದಿತು. ಉಳಿದವರಿಗೆ ಆ ಕಟ್ಟು ಇರಲಿಲ್ಲ. ಹೆಸ್ಸೆಯ ಹಳೆಯ ದೊರೆ, ಇನ್ನೊಬ್ಬ ಫಿಲಿಪ್ 1567ರಲ್ಲಿ ಸತ್ತಾಗ ನಾಲ್ಕು ಮಕ್ಕಳಿಗೆ ನಾಲ್ಕು ಹೋಳು: ಕಾಸೆಲ್, ಮಾರ್‌ಬುರ್ಗ್, ರೈನ್‌ಫೆಲ್ಸ್, ಡಾರ್ಮ್‌ಸ್ಟಾಟ್. ಗೋಥಾದ ಧರ್ಮಿಷ್ಠ ಅರ್ನ್ಸ್ಟ್ 1675ರಲ್ಲಿ ಹೋದಾಗ ಉಳಿದ ಗಂಡುಮಕ್ಕಳು ಏಳು. ಐದು ವರ್ಷ ಒಟ್ಟಿಗಿರಲು ನೋಡಿ ಕೊನೆಗೆ ಅವರೂ ಏಳು ಪಾಲು ಮಾಡಿಕೊಂಡರು. ಸ್ಯಾಕ್ಸ್-ಕೊಬುರ್ಗ್, ಸ್ಯಾಕ್ಸ್-ಮೈನಿಂಗನ್ ಎಂಬ ಜೋಡಿ ಹೆಸರುಗಳೆಲ್ಲ ಪಾಲುಪಟ್ಟಿಯ ಉಳಿಕೆ. ಹಿರಿಯ ಮಗನಿಗೇ ಎಲ್ಲವೂ ಎಂಬ ನಿಯಮ ಬರುವ ಹೊತ್ತಿಗೆ ನಕಾಶೆ ಚೂರುಚೂರಾಗಿತ್ತು.

1803ರಿಂದ 1806ರವರೆಗೆ ನೆಪೋಲಿಯನ್ನನ ಒತ್ತಡದಲ್ಲಿ ಇದರ ಬಹುಭಾಗವನ್ನು ಗುಡಿಸಿಹಾಕಿದರು. ಹೋಹೆನ್‌ಲೋಹ, ಫ್ಯುರ್ಸ್ಟೆನ್‌ಬರ್ಗ್, ಅಂಚೆ ವ್ಯವಸ್ಥೆಯಿಂದ ಶ್ರೀಮಂತರಾದ ಥುರ್ನ್-ಟ್ಯಾಕ್ಸಿಸ್ ಮುಂತಾದವರ ನಾಡುಗಳು ದೊಡ್ಡ ನೆರೆಯವರ ಪಾಲಾದವು. ಆಡಳಿತ ಹೋಯಿತು, ಕಾಡು ಮತ್ತು ಕೋಟೆ ಉಳಿದವು. ಜೊತೆಗೆ 1815ರ ವಿಯೆನ್ನಾ ಒಪ್ಪಂದದಲ್ಲಿ ಅವರಿಗೆ ಇನ್ನೊಂದು ಮಾತು ಸಿಕ್ಕಿತು: ಆಳುವ ಮನೆತನಗಳಿಗೆ ನೀವು ಹುಟ್ಟಿನಲ್ಲಿ ಸಮಾನರು. ಸಂಬಂಧ ಬೆಳೆಸಲು ಅಡ್ಡಿಯಿಲ್ಲ ಎಂಬ ಈ ಮಾತಿಗೆ ಅವರಲ್ಲಿ ನೆಲಕ್ಕಿಂತ ಹೆಚ್ಚು ಬೆಲೆ.

ಕೊಡಿಯಾಲದವಳು

ಸರ್ ಹೇಳಿದ ಆ 'ಹುಟ್ಟಿನ ಸಮಾನತೆ' ಭಾರತದ ಚರಿತ್ರೆಯಲ್ಲೂ ಬಂದುಹೋಗಿದೆ. ಹೆಸ್ಸೆ-ಡಾರ್ಮ್‌ಸ್ಟಾಟ್‌ನ ರಾಜಕುಮಾರ ಅಲೆಕ್ಸಾಂಡರ್‌ನ ತಂಗಿ ರಷ್ಯದ ಯುವರಾಜನನ್ನು ಮದುವೆಯಾಗಿದ್ದಳು. ಅಣ್ಣನೂ ಅಲ್ಲಿಗೆ ಹೋದ, ತಂಗಿಯ ಸಖಿಯಾಗಿದ್ದ ಜೂಲಿಯ ಹೌಕಳನ್ನು ಮೆಚ್ಚಿದ. ಆಕೆ ಪೋಲೆಂಡಿನಲ್ಲಿದ್ದ ಸೇನಾಪತಿಯೊಬ್ಬನ ಮಗಳು, ರಾಜವಂಶದವಳಲ್ಲ. ತ್ಸಾರ್ ಸಿಟ್ಟಾದ. ಆದರೂ 1851ರಲ್ಲಿ ಮದುವೆಯಾದರು. ಇಂತಹ ಮದುವೆ ಕಾನೂನಿಗೆ ಸರಿ, ಚರ್ಚಿಗೂ ಸರಿ, ಆದರೆ ಹೆಂಡತಿಗೆ ಗಂಡನ ಅಂತಸ್ತಿಲ್ಲ, ಮಕ್ಕಳಿಗೆ ಪಟ್ಟದ ಹಕ್ಕಿಲ್ಲ. ಹೆಸ್ಸೆಯ ಹೆಸರೂ ಸಿಗದು. ಅದಕ್ಕಾಗಿ ಬಾಟನ್‌ಬರ್ಗ್ ಎಂಬ ಊರಿನ ಹೆಸರಿನಲ್ಲಿ ಆಕೆಗೆ ಬೇರೊಂದು ಬಿರುದು ಕೊಟ್ಟರು.

ಜಾತಿ ಕೆಟ್ಟವರೆಂದು ಪಂಕ್ತಿಯಿಂದ ಹೊರಗಿಟ್ಟ ಆ ಮಕ್ಕಳು ಏನಾದರು ನೋಡಿ. ಒಬ್ಬ 1879ರಲ್ಲಿ ಬಲ್ಗೇರಿಯದ ದೊರೆಯಾದ. ಇನ್ನೊಬ್ಬ ವಿಕ್ಟೋರಿಯ ರಾಣಿಯ ಕಿರಿಯ ಮಗಳನ್ನು ಮದುವೆಯಾದ. ಅವರ ಮಗಳು ಸ್ಪೇನಿನ ರಾಣಿ. ಹಿರಿಯ ಮಗ ಲೂಯಿ ಬ್ರಿಟಿಷ್ ನೌಕಾಪಡೆ ಸೇರಿ ಅದರ ಮುಖ್ಯಸ್ಥನಾದ. 1914ರಲ್ಲಿ ಯುದ್ಧ ಬಂದಾಗ ಜರ್ಮನ್ ಹುಟ್ಟಿನವನು ಎಂಬ ಕೂಗೆದ್ದು ರಾಜೀನಾಮೆ ಕೊಡಬೇಕಾಯಿತು. 1917ರ ಜುಲೈನಲ್ಲಿ ಐದನೆಯ ಜಾರ್ಜ್ ತನ್ನ ಸ್ಯಾಕ್ಸ್-ಕೊಬುರ್ಗ್ ನಂಟನ್ನು ಒರೆಸಿಹಾಕಿ ವಿಂಡ್ಸರ್ ಆದ, ಅದೇ ಬೇಸಿಗೆಯಲ್ಲಿ ಬಾಟನ್‌ಬರ್ಗ್‌ಗಳು ಮೌಂಟ್‌ಬ್ಯಾಟನ್‌ಗಳಾದರು. ಆ ಲೂಯಿಯ ಕಿರಿಯ ಮಗ 1947ರ ಮಾರ್ಚ್‌ನಲ್ಲಿ ದೆಹಲಿಗೆ ಬಂದಿಳಿದ ಕೊನೆಯ ವೈಸ್‌ರಾಯ್. ಲೂಯಿಯ ಮೊಮ್ಮಗ ಪ್ರಿನ್ಸ್ ಫಿಲಿಪ್, ಎರಡನೆಯ ಎಲಿಜಬೆತ್ ರಾಣಿಯ ಗಂಡ. ಜೂಲಿಯ ಹೌಕಳನ್ನು ಸಮಾನಳಲ್ಲ ಎಂದವರ ಸಿಂಹಾಸನ ಹೋಯಿತು. ಅವಳ ಮರಿಮಗ ಫಿಲಿಪ್‌ನ ಮಗ ಚಾರ್ಲ್ಸ್ ಈಗ ಬ್ರಿಟನ್ನಿನ ರಾಜ.

ಅಡ್ಡಪ್ರಶ್ನೆ

ಮೇಡಂ, ಕಥೆ ಚೆನ್ನಾಗಿದೆ. ಆದರೆ ಈ ಸಮಾನ ಹುಟ್ಟಿನ ಹುಚ್ಚು 1918ಕ್ಕೆ ಸತ್ತಿತು ತಾನೇ? ಪಟ್ಟವೇ ಇಲ್ಲದ ಮೇಲೆ ಪಟ್ಟದ ಹಕ್ಕು ಕಳೆದುಕೊಳ್ಳುವುದೇನು?

ಹಳೆಯ_ಕಡತ

ಪಟ್ಟ ಇಲ್ಲದಿದ್ದರೂ ಉಯಿಲು ಇತ್ತಲ್ಲ! ಹಳೆಯ ಕಾಲದಲ್ಲಿ ಮನೆತನದ ಆಸ್ತಿಯನ್ನು ಮಾರದಂತೆ, ಒಡೆಯದಂತೆ ಕಟ್ಟಿಹಾಕಿದ್ದರು. 1939ರ ಜನವರಿಯಿಂದ ಆ ಕಟ್ಟುಗಳು ರದ್ದಾಗುವುದು ಖಚಿತವಾದಾಗ ಕೈಸರ್, ಯುವರಾಜ ಮತ್ತು ಯುವರಾಜನ ಎರಡನೆಯ ಮಗ ಲೂಯಿ ಫರ್ಡಿನಾಂಡ್ 1938ರಲ್ಲಿ ಒಂದು ಉತ್ತರಾಧಿಕಾರದ ಕರಾರು ಬರೆದರು. ಹಿರಿಯ ಮೊಮ್ಮಗ ತನಗೆ ಬೇಕಾದವಳನ್ನು ಮದುವೆಯಾಗಿ ಆಗಲೇ ಹೊರಬಿದ್ದಿದ್ದ. ಲೂಯಿ ಫರ್ಡಿನಾಂಡ್ ಎಂದರೆ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವನು. ಅಷ್ಟು ಆಧುನಿಕ ಮನುಷ್ಯನ ಸಹಿಯಿದ್ದ ಕರಾರಿನಲ್ಲೂ ಹಳೆಯ ಷರತ್ತು ಹಾಗೆಯೇ ಇತ್ತು: ಮನೆತನದ ನಿಯಮಕ್ಕೆ ಒಪ್ಪದ ಮದುವೆಯಿಂದ ಹುಟ್ಟಿದವನು, ಅಂತಹ ಮದುವೆ ಮಾಡಿಕೊಂಡವನು ವಾರಸುದಾರನಾಗಲಾರ.

ಲೂಯಿ ಫರ್ಡಿನಾಂಡ್‌ನ ಇಬ್ಬರು ಹಿರಿಯ ಮಕ್ಕಳು ಸಾಮಾನ್ಯ ಮನೆತನದ ಹೆಣ್ಣುಗಳನ್ನು ಮದುವೆಯಾಗಿ 1960ರ ದಶಕದಲ್ಲಿ ಹಕ್ಕು ಬಿಟ್ಟುಕೊಟ್ಟರು. ಮೂರನೆಯವನು ನಿಯಮದಂತೆ ಮದುವೆಯಾದ, ಆದರೆ 1977ರಲ್ಲಿ ಸೇನಾ ಕವಾಯತಿನ ವೇಳೆ ಆದ ಗಾಯದಿಂದ ತೀರಿಕೊಂಡ. ಅವನ ಮಗ, 1976ರಲ್ಲಿ ಹುಟ್ಟಿದ ಗೇಯೋರ್ಗ್ ಫ್ರೀಡ್‌ರಿಷ್. 1994ರಲ್ಲಿ ಅಜ್ಜ ತೀರಿಕೊಂಡಾಗ ಹುಡುಗನಿಗೆ ಹದಿನೆಂಟು ವರ್ಷ, ಎದುರಿಗೆ ದಾವೆ ಹೂಡಿದ ದೊಡ್ಡಪ್ಪ. ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿಗೆ ಹತ್ತಿ, 2004ರಲ್ಲಿ ಸಂವಿಧಾನ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು: ಇಂತಹ ಷರತ್ತು ಮನುಷ್ಯನ ಮದುವೆಯ ಸ್ವಾತಂತ್ರ್ಯವನ್ನೇ ಒತ್ತುವಂತಿದೆಯೇ ಎಂದು ಕೆಳಗಿನ ನ್ಯಾಯಾಲಯಗಳು ಸರಿಯಾಗಿ ತೂಗಿ ನೋಡಿಲ್ಲ, ಮತ್ತೆ ವಿಚಾರಣೆ ಮಾಡಿ. ಇಷ್ಟೆಲ್ಲ ಆಗಿ ಕೊನೆಗೆ ವಾರಸುದಾರನಾಗಿ ಉಳಿದದ್ದು ಗೇಯೋರ್ಗ್ ಫ್ರೀಡ್‌ರಿಷ್ ಅವರೇ. ತುಂಗಾತೀರ ಅವರು ಓದಿದ ಸುದ್ದಿಯಲ್ಲಿ ಸರ್ಕಾರದ ಎದುರು ಕುಳಿತವರು ದೊಡ್ಡಪ್ಪನ ಮಕ್ಕಳಾಗದೆ ಇವರಾದದ್ದು ಆ ಕರಾರಿನಿಂದ.

ಸ್ಟುಟ್‌ಗಾರ್ಟ್_ಕನ್ನಡಿಗ

ಬಿರುದು ಮನೆಹೆಸರಾದದ್ದರಿಂದ ಇನ್ನೊಂದು ಬಾಗಿಲೂ ತೆರೆಯಿತು, ದತ್ತು. ಜರ್ಮನಿಯಲ್ಲಿ ವಯಸ್ಕರನ್ನೂ ದತ್ತು ತೆಗೆದುಕೊಳ್ಳಬಹುದು, ದತ್ತು ಹೋದವನಿಗೆ ಮನೆಹೆಸರು ಬರುತ್ತದೆ. ಹಾನ್ಸ್ ರಾಬರ್ಟ್ ಲಿಷ್ಟೆನ್‌ಬರ್ಗ್ ಎಂಬಾತನನ್ನು 1980ರಲ್ಲಿ ಆನ್‌ಹಾಲ್ಟ್ ಮನೆತನದ ವೃದ್ಧೆ ಮಾರೀ ಆಗಸ್ಟ್ ದತ್ತು ಪಡೆದರು. ಆತ ಫ್ರೆಡರಿಕ್ ಪ್ರಿನ್ಸ್ ಫಾನ್ ಆನ್‌ಹಾಲ್ಟ್ ಆಗಿ, 1986ರಲ್ಲಿ ಹಾಲಿವುಡ್ ನಟಿ ಝಾ ಝಾ ಗಬೋರ್‌ರನ್ನು ಮದುವೆಯಾಗಿ, ತಾನೂ ಹಲವರನ್ನು ದತ್ತು ತೆಗೆದುಕೊಂಡ. ಹಳೆಯ ಮನೆತನಗಳ ಸಂಘಟನೆಗಳು ಇವರನ್ನು ಒಪ್ಪುವುದಿಲ್ಲ, ಆದರೆ ನೋಂದಣಿ ಕಚೇರಿಗೆ ಅದು ಬೇಕಾಗಿಲ್ಲ.

ನಿಜವಾದ ಅಗತ್ಯಕ್ಕೆ ಆದ ದತ್ತುಗಳೂ ಇವೆ. 1937ರ ನವೆಂಬರ್ 16ರಂದು ಹೆಸ್ಸೆ-ಡಾರ್ಮ್‌ಸ್ಟಾಟ್ ಮನೆಯವರು ಲಂಡನ್ನಿಗೆ ಮದುವೆಗೆ ಹೊರಟ ವಿಮಾನ ಬೆಲ್ಜಿಯಂನ ಓಸ್ಟೆಂಡ್ ಬಳಿ ಬಿತ್ತು. ಗೇಯೋರ್ಗ್ ಡೊನಾಟುಸ್, ಆತನ ಹೆಂಡತಿ ಸೆಸಿಲಿ, ಇಬ್ಬರು ಗಂಡುಮಕ್ಕಳು, ತಾಯಿ ಎಲ್ಲರೂ ಹೋದರು. ಸೆಸಿಲಿ ಪ್ರಿನ್ಸ್ ಫಿಲಿಪ್‌ರ ಅಕ್ಕ, ಆಗ ತುಂಬು ಗರ್ಭಿಣಿ. ಮದುಮಗ, ಡೊನಾಟುಸ್‌ನ ತಮ್ಮ ಲುಡ್‌ವಿಗ್ ಮರುದಿನವೇ ಸದ್ದಿಲ್ಲದೆ ಮದುವೆಯಾದ. ಮಕ್ಕಳಾಗಲಿಲ್ಲ. 1960ರಲ್ಲಿ ಕಾಸೆಲ್ ಶಾಖೆಯ ಮೊರಿಟ್ಸ್‌ನನ್ನು ದತ್ತು ತೆಗೆದುಕೊಂಡ. ಆತ ಮೇಲೆ ಹೇಳಿದ ಫಿಲಿಪ್ ಮತ್ತು ಮಫಾಲ್ದ ಅವರ ಮಗ. 1567ರಲ್ಲಿ ಪಾಲಾದ ಮನೆಯ ಎರಡು ಹೋಳುಗಳು ಹೀಗೆ ಒಂದಾದವು.

ಕೊಡಿಯಾಲದವಳು

ಕನ್ನಡಕ್ಕೆ ಹತ್ತಿರದ ಒಂದು ಎಳೆ. ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಪೂರ್ವ ಫ್ರೀಸ್‌ಲ್ಯಾಂಡ್ ಪ್ರದೇಶದಲ್ಲಿ. ಅದು ಆಗ ಹನೋವರ್ ರಾಜ್ಯದ ಭಾಗ, ಮತ್ತು ಹನೋವರಿಗೂ ಇಂಗ್ಲೆಂಡಿಗೂ ಒಬ್ಬನೇ ರಾಜ, ನಾಲ್ಕನೆಯ ವಿಲಿಯಂ. 1837ರಲ್ಲಿ ವಿಕ್ಟೋರಿಯ ರಾಣಿಯಾದಾಗ ಹನೋವರಿನ ನಿಯಮ ಹೆಣ್ಣಿಗೆ ಪಟ್ಟ ಕೊಡದ ಕಾರಣ ಅದು ಚಿಕ್ಕಪ್ಪ ಅರ್ನ್ಸ್ಟ್ ಆಗಸ್ಟ್‌ಗೆ ಹೋಯಿತು. ಆತ ಬಂದವನೇ ಸಂವಿಧಾನ ರದ್ದುಮಾಡಿದ. ಪ್ರತಿಭಟಿಸಿದ ಗ್ಯೋಟಿಂಗನ್‌ನ ಏಳು ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದ, ಅವರಲ್ಲಿ ಗ್ರಿಮ್ ಸಹೋದರರೂ ಇದ್ದರು. ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಹೊರಟಾಗ ಹನೋವರಿನ ರಾಜ ಕುರುಡನಾಗಿದ್ದ ಐದನೆಯ ಗೇಯೋರ್ಗ್. 1866ರಲ್ಲಿ ಪ್ರಷ್ಯ ಆ ರಾಜ್ಯವನ್ನೇ ನುಂಗಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕನ್ನಡ ನಿಘಂಟು ಅಚ್ಚಾಗುವ ಹೊತ್ತಿಗೆ ಅದನ್ನು ಬರೆದವರು ಹುಟ್ಟಿದ ರಾಜ್ಯವೇ ನಕಾಶೆಯಲ್ಲಿರಲಿಲ್ಲ.

ಹಳೆಯ_ಕಡತ

ಹನೋವರಿನ ನಂಟು ಅದಕ್ಕೂ ಹಿಂದಿನದು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕಾಲದಲ್ಲಿ ಮೂರನೆಯ ಜಾರ್ಜ್ ಹನೋವರಿನ ದೊರೆಯೂ ಆಗಿದ್ದರಿಂದ ಅಲ್ಲಿನ ಎರಡು ರೆಜಿಮೆಂಟುಗಳನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ ಮದ್ರಾಸಿಗೆ ಕಳಿಸಿದ. 1783ರಲ್ಲಿ ಕಡಲೂರಿನಲ್ಲಿ ಫ್ರೆಂಚರ ವಿರುದ್ಧ ಅವು ಕಾದಿದವು.

ಸ್ಟುಟ್‌ಗಾರ್ಟ್_ಕನ್ನಡಿಗ

'ಮಂಗಳೂರು ಸಮಾಚಾರ' ನಡೆಸಿದ ಮ್ಯೋಗ್ಲಿಂಗ್ ನಮ್ಮ ಕಡೆಯವರು, ಬ್ರಾಕನ್‌ಹೈಮ್ ಊರಿನವರು. ಅವರ ನಾಡು ವ್ಯುರ್ಟೆಂಬರ್ಗ್. ಅಲ್ಲಿನ ಕೊನೆಯ ರಾಜನ ಹೆಸರೂ ಎರಡನೆಯ ವಿಲ್ಹೆಲ್ಮ್, ಆದರೆ ಬರ್ಲಿನ್ನಿನವನ ಗತ್ತು ಇವನಿಗಿರಲಿಲ್ಲ. ಟೋಪಿ ಹಾಕಿಕೊಂಡು ಎರಡು ಸ್ಪಿಟ್ಸ್ ನಾಯಿಗಳನ್ನು ಹಿಡಿದು ಬೀದಿಯಲ್ಲಿ ನಡೆಯುತ್ತಿದ್ದ, ಎದುರು ಸಿಕ್ಕವರು ನಮಸ್ಕಾರ ಹೇಳುತ್ತಿದ್ದರು. ಸ್ಟುಟ್‌ಗಾರ್ಟ್‌ನಲ್ಲಿ ಅವನ ಪ್ರತಿಮೆಯೂ ಹಾಗೆಯೇ ಇದೆ: ಕುದುರೆಯಿಲ್ಲ, ಕತ್ತಿಯಿಲ್ಲ, ಕಾಲ ಬಳಿ ಎರಡು ನಾಯಿ. 1918ರ ನವೆಂಬರ್ 9ರಂದು ಜನ ಅರಮನೆಗೆ ನುಗ್ಗಿದರು, ಕಾವಲುಗಾರರು ತಡೆಯಲಿಲ್ಲ. ಅದನ್ನು ಆತ ಮರೆಯಲಿಲ್ಲ. 1921ರಲ್ಲಿ ಸತ್ತಾಗ ಶವಯಾತ್ರೆ ಸ್ಟುಟ್‌ಗಾರ್ಟ್ ಮೂಲಕ ಹೋಗಕೂಡದು ಎಂದು ಬರೆದಿಟ್ಟಿದ್ದ. ನಗರವನ್ನು ಬಳಸಿಕೊಂಡೇ ಲುಡ್‌ವಿಗ್ಸ್‌ಬುರ್ಗ್‌ಗೆ ಒಯ್ದರು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಮುಂದಿನ ವರ್ಷ ಮಗಳನ್ನು ನೋಡಲು ಆ ಕಡೆ ಬರುತ್ತಿದ್ದೇನೆ. ಈ ಮನೆತನಗಳದ್ದೇ ಆಗಿ ಉಳಿದಿರುವ ಕೋಟೆ ಹತ್ತಿರದಲ್ಲಿ ಯಾವುದಿದೆ, ಒಳಗೆ ಬಿಡುತ್ತಾರೆಯೇ?

ಸ್ಟುಟ್‌ಗಾರ್ಟ್_ಕನ್ನಡಿಗ

ಹೆಷಿಂಗನ್ ಬಳಿಯ ಹೋಹೆನ್‌ಜೊಲರ್ನ್ ಕೋಟೆ. ಮನೆತನದ ಮೂಲ ಅಲ್ಲಿಯದೇ, ಆದರೆ ಈಗ ಕಾಣುವ ಕಟ್ಟಡ 19ನೆಯ ಶತಮಾನದ್ದು, 1867ರಲ್ಲಿ ಮುಗಿದದ್ದು. ಮೂರರಲ್ಲಿ ಎರಡು ಪಾಲು ಪ್ರಷ್ಯ ಶಾಖೆಯದು, ಒಂದು ಪಾಲು ಜಿಗ್ಮರಿಂಗನ್ ಶಾಖೆಯದು. ಪ್ರಷ್ಯದ ರಾಜ ಮಹಾನ್ ಫ್ರೀಡ್‌ರಿಷ್‌ನ ಶವಪೆಟ್ಟಿಗೆಯನ್ನು 1952ರಿಂದ 1991ರವರೆಗೆ ಇಲ್ಲಿಯೇ ಇಟ್ಟಿದ್ದರು, ಆಮೇಲೆ ಪಾಟ್ಸ್‌ಡ್ಯಾಮಿಗೆ ಒಯ್ದರು. ಟಿಕೆಟ್ ಕೊಂಡರೆ ಯಾರನ್ನಾದರೂ ಬಿಡುತ್ತಾರೆ. ಗುಡ್ಡದ ಬುಡದ ವಾಹನ ನಿಲ್ದಾಣದಿಂದ ಮೇಲಕ್ಕೆ ಬಸ್ ಇದೆ, ಆದರೂ ಮೆಟ್ಟಿಲುಗಳಿವೆ. ಮಂಡಿ ನೋವಿದ್ದರೆ ಮೊದಲೇ ತಿಳಿಸಿ.